ಜೊತೆ ಸೇವಕರ ಔದಾರ್ಯವನ್ನು ನಮ್ಮ ನಡೆಯಾಗಿಸಿಕೊಳ್ಳುವುದು ಹೇಗೆ: ಔಟ್‌ರೀಚ್ ಪ್ರವಾಸಕ್ಕೆ ಹೊರಡುವ ಕ್ರೈಸ್ತ ಸ್ವಯಂಸೇವಕರಿಗೊಂದು ಕೈಪಿಡಿ

ಔಟ್‌ರೀಚ್ ಪ್ರವಾಸ, ಅಂದರೆ ತಂಡವಾಗಿ ಬೇರೆ ಊರಿಗೆ ಹೋಗಿ ಮಾಡುವ ಸೇವಾ ಪ್ರವಾಸ, ಮುಗಿಸಿ ಬಂದ ಸ್ವಯಂಸೇವಕರನ್ನು ಮಾತಿಗೆಳೆದರೆ ಅವರಲ್ಲಿ ಹಲವರು ತಾವು ಮಾಡಿದ ಕೆಲಸಕ್ಕಿಂತ ಹೆಚ್ಚಾಗಿ ಜೊತೆಗಿದ್ದವರ ಬಗ್ಗೆ ಹೇಳುತ್ತಾರೆ. ಒಬ್ಬರು ವರ್ಷದ ರಜೆಯನ್ನೆಲ್ಲ ಇದಕ್ಕೇ ಎತ್ತಿಟ್ಟು ಬಂದಿದ್ದರು, ಇನ್ನೊಬ್ಬರು ತಂಡದ ಕಿರಿಯ ಸದಸ್ಯನ ಪ್ರಯಾಣದ ಖರ್ಚನ್ನು ಯಾರಿಗೂ ಹೇಳದೆ ಭರಿಸಿದ್ದರು, ಮತ್ತೊಬ್ಬರು ಪ್ರತಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಪಾತ್ರೆ ತೊಳೆದಿಡುತ್ತಿದ್ದರು. ಇಂಥದ್ದನ್ನು ಹತ್ತಿರದಿಂದ ಕಂಡಾಗ ಮನಸ್ಸು ತುಂಬಿಬರುತ್ತದೆ, ತಾನೂ ಹೀಗೆ ಕೈಬಿಚ್ಚಿ ಬದುಕಬೇಕೆಂಬ ನಿಶ್ಚಯ ಹುಟ್ಟುತ್ತದೆ. ಆದರೆ ಮನೆ ಸೇರಿ ಕೆಲವು ವಾರ ಕಳೆಯುವಷ್ಟರಲ್ಲಿ ಆ ನಿಶ್ಚಯ ಹಿತವಾದ ನೆನಪಾಗಿ ಉಳಿಯುತ್ತದೆಯೇ ಹೊರತು ನಡೆಯಾಗಿ ಮಾರ್ಪಡುವುದಿಲ್ಲ. ಕಂಡ ಔದಾರ್ಯ ನಮ್ಮ ಸ್ವಂತದ್ದಾಗಬೇಕಾದರೆ ಹೊರಡುವ ಮೊದಲು, ಅಲ್ಲಿರುವಾಗ ಮತ್ತು ಬಂದ ಮೇಲೆ ಏನು ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಷಯದಲ್ಲಿ ಹೊಸ ಒಡಂಬಡಿಕೆಯಲ್ಲಿ ಸಿಗುವ ಅತ್ಯಂತ ವಿವರವಾದ ಪಾಠ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೆಯ ಅಧ್ಯಾಯಗಳಲ್ಲಿದೆ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುತ್ತಿದ್ದ ಪೌಲನು, ಮಕೆದೋನ್ಯದ ಸಭೆಗಳವರು ಕಡುಬಡತನದಲ್ಲಿದ್ದರೂ ಶಕ್ತಿಮೀರಿ ಕೊಟ್ಟರೆಂದೂ, ಈ ಸೇವೆಯಲ್ಲಿ ತಮಗೂ ಪಾಲು ಬೇಕೆಂದು ತಾವಾಗಿಯೇ ಬೇಡಿಕೊಂಡರೆಂದೂ ಕೊರಿಂಥದವರಿಗೆ ತಿಳಿಸುತ್ತಾನೆ. ಸ್ವಾರಸ್ಯವೇನೆಂದರೆ, ಆ ಮಕೆದೋನ್ಯದವರಲ್ಲಿ ಹೆಚ್ಚಿನವರಿಗೆ ಮೊದಲು ಹುರುಪು ತುಂಬಿದ್ದು ಅಖಾಯದವರು, ಅಂದರೆ ಕೊರಿಂಥದವರೂ ಸೇರಿದ ಪ್ರಾಂತದವರು, ಹಿಂದಿನ ವರ್ಷದಿಂದಲೇ ಸಿದ್ಧರಾಗಿದ್ದಾರೆ ಎಂಬ ಸುದ್ದಿ. ಕೊರಿಂಥದವರ ಉತ್ಸಾಹ ಮಕೆದೋನ್ಯದವರನ್ನು ಎಬ್ಬಿಸಿತು. ಎದ್ದವರು ಕೊಟ್ಟು ಮುಗಿಸಿದರು. ಎಬ್ಬಿಸಿದವರು ಮಾತ್ರ ಇನ್ನೂ ಆರಂಭದಲ್ಲೇ ನಿಂತಿದ್ದರು. ಆದ್ದರಿಂದಲೇ ಮನಸ್ಸು ಮಾಡುವುದರಲ್ಲಿ ತೋರಿದ ಆಸಕ್ತಿಯನ್ನು ಮುಗಿಸುವುದರಲ್ಲೂ ತೋರಿಸಿರಿ, ಅದೂ ನಿಮ್ಮಲ್ಲಿ ಇರುವುದಕ್ಕೆ ತಕ್ಕಂತೆ, ಎಂದು ಪೌಲನು ಅವರಿಗೆ ಬರೆಯಬೇಕಾಯಿತು. ಪ್ರೇರಣೆ ಹೊಂದುವುದು ಸುಲಭ, ಅದನ್ನು ನಮ್ಮ ಅಳತೆಯಲ್ಲಿ ಕೊನೆಮುಟ್ಟಿಸುವುದು ಕಷ್ಟ ಎಂಬ ಈ ತಿಳಿವಳಿಕೆಯ ಮೇಲೆ ಮುಂದಿನ ಸಲಹೆಗಳೆಲ್ಲ ನಿಂತಿವೆ.

ಹೊರಡುವ ಮೊದಲು

ಮೊದಲು ಮಾಡಬೇಕಾದ ಕೆಲಸ ಸ್ವಲ್ಪ ಬಿಡುವನ್ನು ಕಾಯ್ದಿಟ್ಟುಕೊಳ್ಳುವುದು. ಯಾಜಕಕಾಂಡದ 19ನೆಯ ಅಧ್ಯಾಯವು ಹೊಲದ ಮೂಲೆಗಳನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ವಿಧಿಸುತ್ತದೆ; ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯಲು ಸಾಧ್ಯವಾದದ್ದು ಅಂಥ ವ್ಯವಸ್ಥೆ ಇದ್ದುದರಿಂದ. ಪ್ರವಾಸಕ್ಕೆ ಹೊರಡುವವರು ತಮ್ಮ ಹಣ, ಸಮಯ ಮತ್ತು ಶಕ್ತಿ ಮೂರರಲ್ಲೂ ಇಂಥ ಕೊಯ್ಯದ ಮೂಲೆಯೊಂದನ್ನು ಬಿಟ್ಟುಕೊಳ್ಳಬೇಕು. ಪ್ರತಿ ಗಂಟೆಯೂ ಕಾರ್ಯಕ್ರಮದಿಂದ ತುಂಬಿದ್ದರೆ, ತಂದ ಹಣವೆಲ್ಲ ಮೊದಲೇ ಲೆಕ್ಕಕ್ಕೆ ಸಂದಿದ್ದರೆ, ದೇಹ ಮೊದಲ ದಿನವೇ ದಣಿದಿದ್ದರೆ, ಜೊತೆಗಾರನ ಒಳ್ಳೆಯತನವನ್ನು ಕಂಡು ಮೆಚ್ಚಬಹುದೇ ವಿನಾ ಅದಕ್ಕೆ ಅಲ್ಲಿಯೇ ಕೈಜೋಡಿಸಲಾಗದು. ಹಣದ ಮಟ್ಟಿಗೆ ಹೇಳುವುದಾದರೆ, ವಾರದ ಮೊದಲನೆಯ ದಿನದಲ್ಲಿ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ಒಂದಿಷ್ಟನ್ನು ತೆಗೆದಿಡಲಿ ಎಂದು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯ ಅಧ್ಯಾಯದಲ್ಲಿರುವ ಸೂಚನೆ ಇಂದಿಗೂ ಅತ್ಯಂತ ವ್ಯಾವಹಾರಿಕವಾದದ್ದು. ಪ್ರವಾಸಕ್ಕೆ ಕೆಲವು ತಿಂಗಳ ಮೊದಲೇ ಹೀಗೆ ತೆಗೆದಿಡಲು ಆರಂಭಿಸಿದವರಿಗೆ, ಅಲ್ಲಿ ಒಂದು ಅಗತ್ಯ ಕಂಡಾಗ ಮನೆಯ ಖರ್ಚಿಗೆ ಕೈಹಾಕಬೇಕಾದ ಇಕ್ಕಟ್ಟು ಬರುವುದಿಲ್ಲ.

ಎರಡನೆಯದಾಗಿ, ಕೊಡುಗೆಗಳ ಬಗ್ಗೆ ತಂಡದ ನಿಯಮಗಳೇನು ಎಂಬುದನ್ನು ನಾಯಕರಿಂದ ಸ್ಪಷ್ಟವಾಗಿ ಕೇಳಿ ತಿಳಿಯಬೇಕು. ವೈಯಕ್ತಿಕವಾಗಿ ಹಣ ಕೊಡಬಹುದೇ, ಮಕ್ಕಳಿಗೆ ಏನಾದರೂ ಹಂಚಬಹುದೇ, ಯಾರಾದರೂ ಸಹಾಯ ಬೇಡಿದರೆ ಯಾರ ಬಳಿಗೆ ಕಳುಹಿಸಬೇಕು ಎಂಬುವು ಸಣ್ಣ ಪ್ರಶ್ನೆಗಳಂತೆ ತೋರಿದರೂ, ಅವುಗಳಿಗೆ ಉತ್ತರ ಗೊತ್ತಿಲ್ಲದವರ ಔದಾರ್ಯವೇ ತಂಡಕ್ಕೆ ಹೆಚ್ಚಿನ ತೊಂದರೆ ತರುತ್ತದೆ. ಇದರ ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ ಇರಲಿ. ಫೋನಿನಲ್ಲಿ ಬರೆದುಕೊಳ್ಳುವುದಕ್ಕಿಂತ ಇದು ಉತ್ತಮ, ಏಕೆಂದರೆ ಫೋನ್ ತೆರೆದ ಕೈ ಬರೆಯುವುದಕ್ಕೆ ಮೊದಲು ಇನ್ನೇನೇನನ್ನೋ ನೋಡುತ್ತದೆ.

ಎಲ್ಲಿ ನೋಡಬೇಕು, ಹೇಗೆ ನೋಡಬೇಕು

ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದ ಕೊನೆಯಲ್ಲಿ ಯೇಸು ದೇವಾಲಯದ ಕಾಣಿಕೆಪೆಟ್ಟಿಗೆಯ ಎದುರಿಗೆ ಕುಳಿತು ಜನರು ಹಣ ಹಾಕುವುದನ್ನು ನೋಡುತ್ತಿದ್ದನೆಂದು ಹೇಳಿದೆ. ಎರಡು ಕಾಸು ಹಾಕಿದ ಬಡ ವಿಧವೆಯ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಕಥೆ ಸಾಧ್ಯವಾದದ್ದು ಒಬ್ಬರು ಬಿಡುವು ಮಾಡಿಕೊಂಡು ಕುಳಿತು ಗಮನಿಸಿದ್ದರಿಂದ ಎಂಬುದನ್ನು ನಾವು ಮರೆಯುತ್ತೇವೆ. ದೊಡ್ಡ ಮೊತ್ತಗಳು ಸದ್ದು ಮಾಡುತ್ತಾ ಬೀಳುತ್ತಿದ್ದ ಜಾಗದಲ್ಲಿ ಸದ್ದಿಲ್ಲದ ಕಾಣಿಕೆಯನ್ನು ಗುರುತಿಸಬೇಕಾದರೆ ನೋಡುವವನಿಗೂ ಒಂದು ಬಗೆಯ ಶಿಸ್ತು ಬೇಕಾಗುತ್ತದೆ.

ಪ್ರವಾಸದಲ್ಲಿ ಔದಾರ್ಯವು ಹೆಚ್ಚಾಗಿ ಕಾಣಸಿಗುವುದು ಕಾರ್ಯಕ್ರಮದ ನಡುವಿನಲ್ಲಲ್ಲ, ಅದರ ಅಂಚುಗಳಲ್ಲಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನೀರು ಕಾಯಿಸುವವರು ಯಾರು, ವಾಹನದಲ್ಲಿ ಅತ್ಯಂತ ಇಕ್ಕಟ್ಟಿನ ಜಾಗವನ್ನು ತಾವಾಗಿ ಆರಿಸಿಕೊಳ್ಳುವವರು ಯಾರು, ವೈದ್ಯಕೀಯ ಶಿಬಿರದಲ್ಲಿ ಸರತಿ ಕೊನೆಯಾದ ಮೇಲೂ ಒಬ್ಬ ವೃದ್ಧರ ಮಾತನ್ನು ಗಡಿಯಾರ ನೋಡದೆ ಕೇಳುತ್ತಾ ಕುಳಿತವರು ಯಾರು, ಪದೇ ಪದೇ ಅದೇ ತಪ್ಪು ಮಾಡುವ ಹೊಸಬನನ್ನು ಎಲ್ಲರೆದುರು ತಿದ್ದದೆ ಬದಿಗೆ ಕರೆದು ಕಲಿಸುವವರು ಯಾರು ಎಂಬುದನ್ನು ಗಮನಿಸಬೇಕು. ನಿದ್ದೆ, ಸರದಿ, ಆಸನ, ತಾಳ್ಮೆ, ಹೆಸರು ಇವೆಲ್ಲ ಕೊಡಬಹುದಾದ ವಸ್ತುಗಳೇ. ಇವುಗಳಲ್ಲಿ ಹೆಸರನ್ನು ಬಿಟ್ಟುಕೊಡುವುದು, ಅಂದರೆ ತಾನು ಮಾಡಿದ ಕೆಲಸದ ಕೀರ್ತಿ ಬೇರೆಯವರಿಗೆ ಹೋದಾಗ ಸುಮ್ಮನಿರುವುದು, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು; ಹಣ ಕೊಟ್ಟವರಲ್ಲಿಯೂ ಅನೇಕರು ಇದನ್ನು ಕೊಡಲಾರರು.

ಇಂಥವರನ್ನು ಗುರುತಿಸಲು ಇನ್ನೊಂದು ದಾರಿ ಸಹಾಯ ಪಡೆದವರ ಮಾತಿಗೆ ಕಿವಿಗೊಡುವುದು. ಯೊಪ್ಪ ಎಂಬ ಊರಿನಲ್ಲಿ ತಬಿಥಾ ಎಂಬ ವಿಶ್ವಾಸಿ ತೀರಿಕೊಂಡಾಗ ಪೇತ್ರನೆದುರು ಆಕೆಯ ಒಳ್ಳೆಯ ಕಾರ್ಯಗಳ ವರದಿಯನ್ನು ಯಾರೂ ಓದಲಿಲ್ಲ. ವಿಧವೆಯರು ಅಳುತ್ತಾ ನಿಂತು ಆಕೆ ಮಾಡಿಕೊಟ್ಟ ಅಂಗಿಗಳನ್ನೂ ಉಡುಪುಗಳನ್ನೂ ತೋರಿಸಿದರು ಎಂದು ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯ ಹೇಳುತ್ತದೆ. ತಂಡ ಹೋದ ಊರಿನವರು ಸಂಜೆಯ ಹೊತ್ತಿಗೆ ಯಾರನ್ನು ಹುಡುಕಿಕೊಂಡು ಬರುತ್ತಾರೆ, ಯಾರ ಹೆಸರನ್ನು ಮಕ್ಕಳು ನೆನಪಿಟ್ಟುಕೊಂಡಿದ್ದಾರೆ ಎಂಬುದನ್ನು ನೋಡಿದರೆ ವೇದಿಕೆಯ ಮೇಲಿಂದ ಗೊತ್ತಾಗದ ಸಂಗತಿಗಳು ಗೊತ್ತಾಗುತ್ತವೆ. ಸ್ಥಳೀಯ ಸಭೆಯ ಸ್ವಯಂಸೇವಕರನ್ನೂ ಜೊತೆಗಾರರೆಂದೇ ಎಣಿಸಬೇಕು. ದೂರದಿಂದ ಬಂದವರ ತ್ಯಾಗ ಎದ್ದು ಕಾಣುತ್ತದೆ, ಏಕೆಂದರೆ ಅವರು ಬಂದದ್ದೇ ಒಂದು ಘಟನೆ. ಆದರೆ ಅವರು ಬರುವ ಮೊದಲು ಜಾಗ ಹೊಂದಿಸಿದವರು, ಹೋದ ಮೇಲೆ ಉಳಿದ ಕೆಲಸವನ್ನೂ ಉಳಿದ ಪ್ರಶ್ನೆಗಳನ್ನೂ ಹೊರುವವರು ಎಲೆಮರೆಯ ಕಾಯಿಗಳಾಗಿಯೇ ಇರುತ್ತಾರೆ. ಔಟ್‌ರೀಚ್ ಪ್ರವಾಸದ ಅತಿ ದೊಡ್ಡ ದಾನಿಗಳು ಹಲವು ವೇಳೆ ಇವರೇ.

ಕಂಡದ್ದನ್ನು ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆಯುವಾಗ ಗುಣವಾಚಕಗಳನ್ನು ಬಿಟ್ಟು ಕ್ರಿಯೆಯನ್ನು ಬರೆಯಬೇಕು. ಇಂಥವರು ಬಹಳ ಉದಾರಿ ಎಂದು ಬರೆದರೆ ಆರು ತಿಂಗಳ ನಂತರ ಅದರಿಂದ ಏನೂ ಹೊರಡುವುದಿಲ್ಲ. ಊಟದ ಹೊತ್ತಿನಲ್ಲಿ ಜನ ಹೆಚ್ಚಾದದ್ದನ್ನು ಕಂಡು, ತನಗೆ ಹಸಿವಿಲ್ಲವೆಂದು ಹೇಳಿ ಬಡಿಸಲು ನಿಂತರು, ಕೊನೆಗೆ ಉಳಿದದ್ದನ್ನು ತಿಂದರು ಎಂದು ಬರೆದರೆ ಅದರಲ್ಲಿ ಅನುಸರಿಸಬಹುದಾದದ್ದು ಇರುತ್ತದೆ. ಏನನ್ನು ಕೊಟ್ಟರು, ಅದರಿಂದ ಅವರಿಗೆ ಏನು ಕಡಿಮೆಯಾಯಿತು, ಅದು ಯಾರಿಗೆ ತಿಳಿಯಿತು ಎಂಬ ಮೂರು ಪ್ರಶ್ನೆಗಳಿಗೆ ಒಂದೆರಡು ಸಾಲಿನ ಉತ್ತರ ಸಾಕು. ಪ್ರತಿ ರಾತ್ರಿ ಒಂದೇ ಸಂಗತಿಯನ್ನು ಬರೆಯುವುದು ಪುಟಗಟ್ಟಲೆ ಬರೆದು ಮೂರನೆಯ ದಿನ ನಿಲ್ಲಿಸುವುದಕ್ಕಿಂತ ಮೇಲು.

ಕೇಳಿ ತಿಳಿಯುವುದು

ಮೆಚ್ಚುಗೆ ಅನುಸರಣೆಯಾಗದೆ ಉಳಿಯುವುದಕ್ಕೆ ಮುಖ್ಯ ಕಾರಣ, ನಾವು ಕಾರ್ಯವನ್ನು ಕಾಣುತ್ತೇವೆ, ಅದರ ಹಿಂದಿನ ವ್ಯವಸ್ಥೆಯನ್ನು ಕಾಣುವುದಿಲ್ಲ. ಒಬ್ಬ ನರ್ಸ್ ಪ್ರತಿ ವರ್ಷ ಸಂಬಳವಿಲ್ಲದ ರಜೆ ತೆಗೆದುಕೊಂಡು ಸೇವೆಗೆ ಬರುತ್ತಾರೆಂದರೆ, ಆ ಸಂಬಳದ ಕೊರತೆಯನ್ನು ತುಂಬಲು ವರ್ಷವಿಡೀ ಒಂದು ಲೆಕ್ಕಾಚಾರ ನಡೆದಿರುತ್ತದೆ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಯಾರೋ ಒಪ್ಪಿರುತ್ತಾರೆ, ಸಹೋದ್ಯೋಗಿಯೊಬ್ಬರು ಪಾಳಿ ಬದಲಿಸಿಕೊಂಡಿರುತ್ತಾರೆ. ಇದನ್ನು ತಿಳಿಯದೆ ಅವರಂತಾಗಲು ಹೊರಟವರು ಮೊದಲ ಅಡಚಣೆಯಲ್ಲೇ ತಮ್ಮಲ್ಲಿ ಭಕ್ತಿ ಸಾಲದೆಂದು ಕೊರಗುತ್ತಾರೆ. ವಾಸ್ತವದಲ್ಲಿ ಕೊರತೆ ಇದ್ದದ್ದು ಭಕ್ತಿಯದಲ್ಲ, ಏರ್ಪಾಡಿನದು.

ಆದ್ದರಿಂದ ಬಿಡುವಿನ ವೇಳೆಯಲ್ಲಿ ಅಂಥವರ ಬಳಿ ಕುಳಿತು ಕೇಳಬೇಕು. ನೀವೇಕೆ ಇಷ್ಟೊಂದು ಮಾಡುತ್ತೀರಿ ಎಂಬ ಪ್ರಶ್ನೆ ಎದುರಿನವರಿಗೆ ಮುಜುಗರ ತರುತ್ತದೆ; ಉತ್ತರವೂ ದೇವರ ಕೃಪೆ ಎಂಬ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಇದನ್ನು ಹೇಗೆ ಹೊಂದಿಸಿಕೊಂಡಿರಿ, ಮೊದಲು ಯಾವುದರಿಂದ ಆರಂಭಿಸಿದಿರಿ, ಯಾವುದನ್ನು ಬಿಟ್ಟುಕೊಡಬೇಕಾಯಿತು, ಮನೆಯವರು ಒಪ್ಪಿದ್ದು ಹೇಗೆ ಎಂದು ಕೇಳಿದರೆ ಮಾತು ಬೆಳೆಯುತ್ತದೆ. ಪೌಲನ ಸೇವೆಯ ಹಿಂದೆಯೂ ಒಂದು ಏರ್ಪಾಡಿತ್ತು: ಕೊರಿಂಥದಲ್ಲಿ ಅವನು ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡುವ ಕಸಬು ನಡೆಸಿದನು, ತನ್ನ ಮತ್ತು ತನ್ನ ಜೊತೆಗಾರರ ಅಗತ್ಯಗಳಿಗಾಗಿ ಈ ಕೈಗಳೇ ದುಡಿದವೆಂದು ಎಫೆಸದ ಹಿರಿಯರಿಗೆ ಹೇಳಿದನು. 1978ರಲ್ಲಿ ಆರಂಭವಾದ ಕ್ರೈಸ್ತ ಸೇವಾಸಂಸ್ಥೆ ಮರ್ಸಿ ಶಿಪ್ಸ್‌ನ ಆಸ್ಪತ್ರೆ ಹಡಗುಗಳಲ್ಲಿ ಕೆಲಸ ಮಾಡುವ ಸ್ವಯಂಸೇವಕರು ಸಂಬಳ ಪಡೆಯುವುದಿಲ್ಲ ಎಂಬುದಷ್ಟೇ ಅಲ್ಲ, ಸಾಮಾನ್ಯವಾಗಿ ತಮ್ಮ ಪ್ರಯಾಣದ ಖರ್ಚನ್ನೂ ತಾವೇ ಹೊಂದಿಸಿಕೊಳ್ಳುತ್ತಾರೆ. ಅದಕ್ಕಾಗಿ ಕೆಲವರು ಉಳಿತಾಯ ಮಾಡುತ್ತಾರೆ, ಕೆಲವರಿಗೆ ಸಭೆಯೂ ಸ್ನೇಹಿತರೂ ನೆರವಾಗುತ್ತಾರೆ. ಹೀಗೆ ಒಬ್ಬರ ಕೊಡುಗೆಯ ಹಿಂದೆ ಹಲವರ ಕೊಡುಗೆ ಇರುತ್ತದೆ ಎಂದು ತಿಳಿದಾಗ, ಹಡಗನ್ನು ಹತ್ತಲಾರದವರಿಗೂ ತಾವು ಎಲ್ಲಿ ಸೇರಬಹುದೆಂಬುದು ಹೊಳೆಯುತ್ತದೆ.

ಕೇಳಿದ ಮೇಲೆ ಕೃತಜ್ಞತೆ ಹೇಳಬೇಕು, ಅದನ್ನೂ ವಿವೇಕದಿಂದ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ನಡೆದುಕೊಳ್ಳುತ್ತಿರುವವರ ಕಾರ್ಯವನ್ನು ತಂಡದ ಸಭೆಯಲ್ಲಿ ಘೋಷಿಸುವುದು ಅವರು ಜೋಪಾನ ಮಾಡಿಕೊಂಡದ್ದನ್ನು ಕಸಿದುಕೊಂಡಂತೆ. ಹಾಗೆಂದು ಹೆಸರು ಹಿಡಿದು ಹೊಗಳುವುದೇ ತಪ್ಪೆಂದೂ ಅಲ್ಲ. ಫಿಲಿಪ್ಪಿಯ ಸಭೆ ತನ್ನ ಸಹಾಯಕ್ಕೆ ಕಳುಹಿಸಿದ್ದ ಎಪಫ್ರೊದೀತನನ್ನು ಪೌಲನು ಫಿಲಿಪ್ಪಿಯವರ ಮುಂದೆ ಹೆಸರೆತ್ತಿ ಮೆಚ್ಚಿಕೊಂಡಿದ್ದಾನೆ, ಇಂಥವರನ್ನು ಗೌರವಿಸಿರಿ ಎಂದಿದ್ದಾನೆ. ಎಲ್ಲರ ಕಣ್ಣೆದುರು ನಡೆದ ಶ್ರಮವನ್ನು ಎಲ್ಲರೆದುರು ನೆನೆಯಬಹುದು. ಗುಟ್ಟಾಗಿ ಕೊಟ್ಟದ್ದನ್ನು ಗುಟ್ಟಾಗಿಯೇ ನೆನೆಯಬೇಕು. ಎರಡರಲ್ಲೂ ಯಾವ ಕಾರ್ಯ, ಅದರಿಂದ ಯಾರಿಗೆ ಏನಾಯಿತು ಎಂದು ನಿರ್ದಿಷ್ಟವಾಗಿ ಹೇಳಿದರೆ ಕೇಳುವವರಿಗೆ ಅದು ಹೊಗಳಿಕೆಯಾಗಿ ಕೇಳಿಸದೆ ಸಾಕ್ಷಿಯಾಗಿ ಕೇಳಿಸುತ್ತದೆ.

ಅನುಸರಿಸಬಾರದ್ದು

ಬಾರ್ನಬನು ತನ್ನ ಹೊಲ ಮಾರಿ ಬಂದ ಹಣವನ್ನು ಅಪೊಸ್ತಲರ ಪಾದಗಳ ಬಳಿ ಇಟ್ಟ ಸಂಗತಿ ಅಪೊಸ್ತಲರ ಕೃತ್ಯಗಳ 4ನೆಯ ಅಧ್ಯಾಯದ ಕೊನೆಯಲ್ಲಿದೆ. ಅದರ ಬೆನ್ನಿಗೇ 5ನೆಯ ಅಧ್ಯಾಯದಲ್ಲಿ ಅನನೀಯ ಮತ್ತು ಸಪ್ಫೈರ ಎಂಬ ದಂಪತಿ ಹೊಲ ಮಾರಿ ಬಂದ ಹಣದಲ್ಲಿ ಒಂದು ಭಾಗವನ್ನಷ್ಟೇ ತಂದುಕೊಟ್ಟ ಕಥೆ ಬರುತ್ತದೆ. ಇವೆರಡನ್ನೂ ಒಟ್ಟಿಗೆ ಓದಿದರೆ, ಜೊತೆಗಾರನ ಔದಾರ್ಯ ಕಂಡಾಗ ಮನುಷ್ಯನಿಗೆ ಎರಡು ಬಗೆಯ ಆಸೆ ಹುಟ್ಟಬಹುದೆಂದು ತಿಳಿಯುತ್ತದೆ: ಅವನಂತೆ ಕೊಡುವ ಆಸೆ ಮತ್ತು ಅವನಂತೆ ಕಾಣುವ ಆಸೆ. ಹೊಲ ಮಾರುವ ಮೊದಲು ಅದು ನಿನ್ನದೇ ಆಗಿತ್ತಲ್ಲವೇ, ಮಾರಿದ ಮೇಲೂ ಹಣ ನಿನ್ನ ಅಧೀನದಲ್ಲೇ ಇತ್ತಲ್ಲವೇ ಎಂದು ಪೇತ್ರನು ಅನನೀಯನನ್ನು ಕೇಳುತ್ತಾನೆ. ಒಂದು ಭಾಗವನ್ನು ಉಳಿಸಿಕೊಂಡದ್ದರ ಬಗ್ಗೆ ಆಕ್ಷೇಪವಿರಲಿಲ್ಲ. ಉಳಿಸಿಕೊಂಡು ಎಲ್ಲವನ್ನೂ ಕೊಟ್ಟೆವೆಂದು ತೋರಿಸಿಕೊಂಡದ್ದು ಅಪರಾಧವಾಯಿತು. ಅರ್ಧ ಕೊಡುವವನು ಅರ್ಧವೆಂದೇ ಹೇಳಿ ಕೊಡಲಿ, ಎರಡು ಗಂಟೆ ಮಾತ್ರ ನಿಲ್ಲಬಲ್ಲವನು ಎರಡು ಗಂಟೆಯೆಂದೇ ಹೇಳಿ ನಿಲ್ಲಲಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಕೊಡುವ ವಿಷಯದಲ್ಲಿ ಜಿಪುಣತನವಲ್ಲ. ಒಬ್ಬನ ಬಳಿ ಇಲ್ಲದ್ದನ್ನು ಅವನಿಂದ ನಿರೀಕ್ಷಿಸಲಾಗುವುದಿಲ್ಲ ಎಂಬುದು ಪೌಲನ ಮಾತೂ ಹೌದು. ಸಾಲ ಮಾಡಿ ಕೊಡುವುದು, ಮನೆಯವರಿಗೆ ತಿಳಿಸದೆ ಅವರ ಪಾಲನ್ನೂ ಕೊಟ್ಟುಬಿಡುವುದು, ಪ್ರವಾಸದ ಕೊನೆಯ ರಾತ್ರಿಯ ಭಾವಾವೇಶದಲ್ಲಿ ದೊಡ್ಡ ವಾಗ್ದಾನ ಮಾಡುವುದು, ಇವೆಲ್ಲ ಬೇರೆಯವರ ಅಳತೆಯ ಬಟ್ಟೆ ತೊಟ್ಟಂತೆಯೇ. ವಾಗ್ದಾನ ಮಾಡಲೇಬೇಕೆನಿಸಿದರೆ ಬರೆದಿಟ್ಟುಕೊಂಡು, ಮನೆಗೆ ಹೋಗಿ ಒಂದು ವಾರ ಕಳೆದ ಮೇಲೆ ತಿಳಿಸುವುದು ಒಳ್ಳೆಯದು.

ತಂಡದಲ್ಲಿ ಅತಿ ಹೆಚ್ಚು ದಣಿಯುವವರನ್ನೇ ಅತಿ ಉದಾರಿಗಳೆಂದು ತಿಳಿಯುವ ಅಭ್ಯಾಸವೂ ಅಪಾಯಕರ. ಊಟ ಬಿಟ್ಟು, ನಿದ್ದೆಗೆಟ್ಟು, ಯಾರ ಸಹಾಯವನ್ನೂ ಒಲ್ಲದೆ ದುಡಿಯುವವರು ನಾಲ್ಕನೆಯ ದಿನ ಜ್ವರದಿಂದ ಮಲಗಿದರೆ ಅವರ ಕೆಲಸದ ಜೊತೆಗೆ ಅವರ ಆರೈಕೆಯೂ ಉಳಿದವರ ಪಾಲಿಗೆ ಬರುತ್ತದೆ. ಊಟ ಮಾಡುವುದಕ್ಕೂ ಸಮಯವಿಲ್ಲದಷ್ಟು ಜನ ಬಂದುಹೋಗುತ್ತಿದ್ದಾಗ ಯೇಸು ಶಿಷ್ಯರನ್ನು ವಿಂಗಡವಾದ ಸ್ಥಳಕ್ಕೆ ಕರೆದು ದಣಿವಾರಿಸಿಕೊಳ್ಳಿರಿ ಎಂದನು. ಎಪಫ್ರೊದೀತನು ಸೇವೆಯಲ್ಲಿ ಸಾಯುವ ಸ್ಥಿತಿಗೆ ಬಂದಾಗ ಪೌಲನು ಅವನನ್ನು ಮೆಚ್ಚಿದ್ದು ನಿಜ, ಆದರೆ ಅವನನ್ನು ಅಲ್ಲಿಯೇ ದುಡಿಸಿಕೊಳ್ಳದೆ ಮನೆಗೆ ಕಳುಹಿಸಿದ್ದೂ ಅಷ್ಟೇ ನಿಜ. ಹೀಗೆ ದಣಿದ ಜೊತೆಗಾರರನ್ನು ಕಂಡಾಗ ಅವರಂತೆ ದಣಿಯಲು ಹೊರಡುವ ಬದಲು, ಅವರ ಕೈಯಲ್ಲಿರುವ ಕೆಲಸವನ್ನು ತೆಗೆದುಕೊಂಡು ಅವರನ್ನು ಮಲಗಲು ಕಳುಹಿಸುವುದೇ ಸರಿಯಾದ ಪ್ರತಿಕ್ರಿಯೆ.

ಕೊಡುಗೆಯ ಬಗ್ಗೆ ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಪ್ರಾರ್ಥನೆಗೆ ಕುಳಿತವರಿಗೆ ಮಾತ್ರ ಅಕ್ಕಿ, ಸಂದೇಶ ಕೇಳಿದವರಿಗೆ ಮಾತ್ರ ಔಷಧ ಎಂಬ ಧೋರಣೆ ಔದಾರ್ಯವಲ್ಲ, ಅದು ವ್ಯಾಪಾರ. ಲೂಕನು ಬರೆದ ದೃಷ್ಟಾಂತದಲ್ಲಿ ಸಮಾರ್ಯದವನು ಗಾಯಗೊಂಡವನ ಮತವನ್ನು ಕೇಳಲಿಲ್ಲ. ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದನು, ಛತ್ರದವನಿಗೆ ಎರಡು ದಿನಾರಿ ಕೊಟ್ಟನು, ಹೆಚ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದು ಹೊಣೆ ಹೊತ್ತನು. ತನ್ನ ವಿಶ್ವಾಸದ ಬಗ್ಗೆ ಕೇಳಿದವರಿಗೆ ಸಂತೋಷದಿಂದ ಹೇಳುವುದು ಒಂದು, ಸಹಾಯವನ್ನು ಅದಕ್ಕೆ ಕಟ್ಟಿಹಾಕುವುದು ಇನ್ನೊಂದು. ಜೊತೆಗಾರರಲ್ಲಿ ಯಾರು ಈ ಗೆರೆಯನ್ನು ಸಹಜವಾಗಿ ಕಾಯ್ದುಕೊಳ್ಳುತ್ತಾರೋ ಅವರ ಬಳಿ ಹೆಚ್ಚು ಹೊತ್ತು ಇರುವುದು ಲಾಭಕರ. ಹಾಗೆಯೇ, ಪಡೆಯುವವರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ಫೋಟೋ ತೆಗೆಯುವುದು, ದಾರಿಯಲ್ಲಿ ಕಂಡ ಮಕ್ಕಳಿಗೆ ತಮ್ಮಷ್ಟಕ್ಕೆ ಹಣ ಹಂಚುವುದು, ಒಂದು ಮನೆಗೆ ಕೊಟ್ಟು ಪಕ್ಕದ ಮನೆಯನ್ನು ಮರೆಯುವುದು ಇವುಗಳ ಪರಿಣಾಮವನ್ನು ಅನುಭವಿಸುವವರು ನಾವಲ್ಲ, ಅಲ್ಲಿಯೇ ಉಳಿಯುವ ಸ್ಥಳೀಯ ಸಭೆಯವರು. ಆದ್ದರಿಂದ ಅವರನ್ನು ಕೇಳದೆ ಏನನ್ನೂ ಕೊಡಬಾರದು.

ಪಡೆಯುವುದನ್ನೂ ಕಲಿಯಬೇಕು

ಜೊತೆಗಾರನೊಬ್ಬ ತನ್ನ ಕಂಬಳಿಯನ್ನು ಚಾಚಿದಾಗ ಬೇಡವೆನ್ನುವುದು ವಿನಯವೆಂದು ನಮಗೆ ಅನ್ನಿಸುತ್ತದೆ. ತನ್ನ ಕಾಲು ತೊಳೆಯಲು ಬಂದ ಯೇಸುವಿಗೆ ಪೇತ್ರನೂ ಮೊದಲು ಹಾಗೆಯೇ ಹೇಳಿದನು. ಆ ನಿರಾಕರಣೆಯನ್ನು ಯೇಸು ಒಪ್ಪಲಿಲ್ಲ. ಪಡೆದವನಿಗೆ ಮಾತ್ರ ಕೊಡುವ ರೀತಿಯ ಸೂಕ್ಷ್ಮಗಳು ತಿಳಿಯುತ್ತವೆ: ಯಾವ ಮಾತು ಹಗುರವೆನಿಸಿತು, ಯಾವ ನೋಟ ಭಾರವೆನಿಸಿತು, ಏನನ್ನೂ ಹೇಳದೆ ಕೊಟ್ಟು ಹೋದದ್ದು ಎಷ್ಟು ನೆಮ್ಮದಿ ತಂದಿತು ಎಂಬುದು. ಆತಿಥ್ಯ ನೀಡಿದ ಮನೆಯವರು ತಮ್ಮ ಸ್ಥಿತಿಗೆ ಮೀರಿ ಉಪಚರಿಸಿದಾಗಲೂ ತಡೆಯದೆ, ಮರುದಿನವೇ ಹಣ ಕೊಟ್ಟು ತೀರಿಸಿಕೊಳ್ಳುವ ಆತುರವನ್ನೂ ತೋರದೆ, ಕೃತಜ್ಞತೆಯಿಂದ ಸ್ವೀಕರಿಸಬೇಕು.

ಹಿಂದಿರುಗಿದ ಮೇಲೆ

1859ರ ಜೂನ್ 24ರಂದು ಉತ್ತರ ಇಟಲಿಯ ಸೊಲ್ಫೆರಿನೊದಲ್ಲಿ ನಡೆದ ಯುದ್ಧದ ನಂತರ ಸಾವಿರಾರು ಗಾಯಾಳುಗಳು ಹತ್ತಿರದ ಕಾಸ್ಟಿಲ್ಯೋನೆ ಊರಿಗೆ ಬಂದು ಸೇರಿದರು. ವ್ಯವಹಾರದ ಕೆಲಸಕ್ಕಾಗಿ ಆ ಕಡೆ ಬಂದಿದ್ದ ಜಿನೀವಾದ ಹೆನ್ರಿ ಡ್ಯುನಾಂಟ್, ಊರಿನ ಹೆಂಗಸರ ಜೊತೆ ಸೇರಿ ಚರ್ಚಿನಲ್ಲಿ ಮಲಗಿಸಿದ್ದವರ ಆರೈಕೆಗೆ ನಿಂತರು. ಅವರು ತಮ್ಮ ಊರಿನ ಕ್ರೈಸ್ತ ಯುವಕರ ಸಂಘದ ಸ್ಥಾಪಕರಲ್ಲಿ ಒಬ್ಬರು, ಸೇವೆಗೆ ಹೊಸಬರಲ್ಲ. ಆದರೂ ಶತ್ರು ಮಿತ್ರರೆಂದು ನೋಡದೆ, ಎಲ್ಲರೂ ಸಹೋದರರೇ ಎನ್ನುತ್ತಾ ಉಪಚರಿಸಿದ ಆ ಹೆಂಗಸರ ಔದಾರ್ಯ ಅವರ ಮನಸ್ಸಿನಲ್ಲಿ ಆಳವಾಗಿ ನಿಂತಿತು. 1862ರಲ್ಲಿ ತಾವು ಕಂಡದ್ದನ್ನು ಪುಸ್ತಕವಾಗಿ ಪ್ರಕಟಿಸಿ, ಶಾಂತಿಕಾಲದಲ್ಲಿಯೇ ತರಬೇತಿ ಪಡೆದ ಸ್ವಯಂಸೇವಕರ ಸಂಘಗಳು ಪ್ರತಿ ದೇಶದಲ್ಲೂ ಏಕಿರಬಾರದೆಂದು ಕೇಳಿದರು. 1863ರಲ್ಲಿ ಐವರ ಸಮಿತಿಯೊಂದು ಜಿನೀವಾದಲ್ಲಿ ಕೂಡಿತು. ರೆಡ್ ಕ್ರಾಸ್ ಹುಟ್ಟಿದ್ದು ಅದರಿಂದ. ಮರುವರ್ಷ ಯುದ್ಧದ ಗಾಯಾಳುಗಳ ರಕ್ಷಣೆಗಾಗಿ ಆದ ಮೊದಲನೆಯ ಜಿನೀವಾ ಒಪ್ಪಂದಕ್ಕೆ ಹನ್ನೆರಡು ದೇಶಗಳು ಸಹಿ ಹಾಕಿದವು. 1901ರಲ್ಲಿ ಮೊತ್ತಮೊದಲ ನೊಬೆಲ್ ಶಾಂತಿ ಪುರಸ್ಕಾರವನ್ನು ಡ್ಯುನಾಂಟ್ ಅವರಿಗೂ ಫ್ರೆಡೆರಿಕ್ ಪಾಸಿ ಅವರಿಗೂ ಹಂಚಿ ಕೊಡಲಾಯಿತು. ನಮ್ಮಲ್ಲಿ ಯಾರಿಂದಲೂ ಇಷ್ಟನ್ನು ನಿರೀಕ್ಷಿಸಬೇಕಿಲ್ಲ. ಆದರೆ ಅವರು ಮಾಡಿದ ಕ್ರಮವನ್ನು ಗಮನಿಸಬಹುದು: ಕಂಡದ್ದನ್ನು ಬರೆದಿಟ್ಟರು, ಆ ಹೆಂಗಸರಿಗೆ ಏನು ಇದ್ದಿದ್ದರೆ ಇನ್ನಷ್ಟು ಜೀವ ಉಳಿಯುತ್ತಿತ್ತೆಂದು ಯೋಚಿಸಿದರು, ಆಮೇಲೆ ಅದನ್ನು ಒದಗಿಸುವ ಏರ್ಪಾಡಿಗೆ ಹೊರಟರು.

ಮನೆಗೆ ಬಂದ ಮೊದಲ ಎರಡು ವಾರಗಳೊಳಗೆ ನೋಟ್‌ಬುಕ್ ತೆರೆದು, ಬರೆದದ್ದರಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಬೇಕು. ಪಟ್ಟಿಯಲ್ಲಿರುವುದನ್ನೆಲ್ಲ ಮಾಡಲು ಹೊರಟವರು ಯಾವುದನ್ನೂ ಮುಗಿಸುವುದಿಲ್ಲ. ಆರಿಸಿಕೊಂಡದ್ದಕ್ಕೆ ದಿನ, ಅಳತೆ ಮತ್ತು ವ್ಯಕ್ತಿಯನ್ನು ಗೊತ್ತುಮಾಡಬೇಕು. ವೃದ್ಧರ ಮಾತನ್ನು ತಾಳ್ಮೆಯಿಂದ ಕೇಳುತ್ತಿದ್ದ ಜೊತೆಗಾರ್ತಿ ಮನಸ್ಸಿನಲ್ಲಿ ಉಳಿದಿದ್ದರೆ, ಸಭೆಯಲ್ಲಿ ಆರಾಧನೆಗೆ ಬರಲಾಗದ ಒಬ್ಬ ಹಿರಿಯರನ್ನು ಪ್ರತಿ ವಾರ ಗೊತ್ತಾದ ದಿನ ಭೇಟಿಯಾಗಿ ಒಂದು ಗಂಟೆ ಕುಳಿತುಕೊಳ್ಳುವುದೆಂದು ನಿಶ್ಚಯಿಸಬಹುದು. ಕಿರಿಯನ ಖರ್ಚು ಭರಿಸಿದವರನ್ನು ಮೆಚ್ಚಿದ್ದರೆ, ಮುಂದಿನ ಪ್ರವಾಸಕ್ಕೆ ಹಣವಿಲ್ಲದೆ ಹಿಂದುಳಿಯುವ ಒಬ್ಬರಿಗಾಗಿ ಈಗಿನಿಂದಲೇ ವಾರಕ್ಕಿಷ್ಟು ತೆಗೆದಿಟ್ಟು, ಹೆಸರು ಹೇಳದೆ ತಂಡದ ನಾಯಕರ ಕೈಗೆ ಒಪ್ಪಿಸಬಹುದು.

ಸಭೆಗೆ ವರದಿ ಒಪ್ಪಿಸುವಾಗ ಹಣದ ಲೆಕ್ಕವನ್ನು ಪೂರ್ತಿಯಾಗಿ ಕೊಡಬೇಕು. ಯೆರೂಸಲೇಮಿಗಾಗಿ ಕೂಡಿಸುತ್ತಿದ್ದ ಕೊಡುಗೆಯನ್ನು ಸಿದ್ಧಪಡಿಸಲು ಪೌಲನು ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳು ನಂಬಿದ ಸಹೋದರರನ್ನೂ ಕಳುಹಿಸಿದನು. ದೇವರ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲೂ ಸರಿಯಾದದ್ದನ್ನೇ ಮಾಡಬೇಕೆಂಬುದು ಅವನ ಕಾಳಜಿಯಾಗಿತ್ತು. ಜೊತೆಗಾರರ ಕಾರ್ಯಗಳನ್ನು ಹೇಳುವಾಗ ಅವರ ಒಪ್ಪಿಗೆ ಪಡೆದು ಹೇಳಬೇಕು, ತನ್ನ ಕಾರ್ಯವನ್ನು ಹೇಳದಿದ್ದರೂ ನಡೆಯುತ್ತದೆ. ಬರಲಾಗದೆ ಮನೆಯಲ್ಲಿ ಉಳಿದವರನ್ನು ಮರೆಯಬಾರದು. ದಣಿದು ಬೆಸೋರ್ ಹಳ್ಳದ ಬಳಿ ಸಾಮಾನುಗಳೊಂದಿಗೆ ಉಳಿದ ಇನ್ನೂರು ಜನರಿಗೂ ಯುದ್ಧಕ್ಕೆ ಹೋದವರಿಗೂ ಸಮಪಾಲು ಎಂದು ದಾವೀದನು ವಿಧಿಸಿದ್ದು ಸಮುವೇಲನ ಮೊದಲನೆಯ ಗ್ರಂಥದ 30ನೆಯ ಅಧ್ಯಾಯದಲ್ಲಿದೆ. ಮಗುವನ್ನು ನೋಡಿಕೊಂಡವರು, ಪಾಳಿ ಬದಲಿಸಿಕೊಂಡವರು, ಪ್ರಾರ್ಥಿಸಿದವರು ಇವರ ಪಾಲನ್ನು ವರದಿಯಲ್ಲಿ ಹೆಸರಿಸುವುದು ನ್ಯಾಯ.

ಪ್ರೇರಣೆ ಕೊಟ್ಟ ಜೊತೆಗಾರರೊಂದಿಗೆ ಸಂಪರ್ಕ ಉಳಿಸಿಕೊಳ್ಳುವುದು ಕೊನೆಯ ಕೆಲಸ, ಆದರೆ ಬಹುಶಃ ಅತ್ಯಂತ ಉಪಯುಕ್ತವಾದದ್ದು. ಪ್ರೀತಿಗೂ ಸತ್ಕಾರ್ಯಗಳಿಗೂ ಒಬ್ಬರನ್ನೊಬ್ಬರು ಹುರಿದುಂಬಿಸುವುದು ಹೇಗೆಂದು ಆಲೋಚಿಸಿರಿ ಎಂದು ಇಬ್ರಿಯರಿಗೆ ಬರೆದ ಪತ್ರದ 10ನೆಯ ಅಧ್ಯಾಯ ಹೇಳುತ್ತದೆ. ತಿಂಗಳಿಗೊಮ್ಮೆ ಫೋನಿನಲ್ಲಿ ಮಾತನಾಡಿ, ಆರಿಸಿಕೊಂಡ ಒಂದು ಕಾರ್ಯ ನಡೆಯುತ್ತಿದೆಯೇ ಇಲ್ಲವೇ ಎಂದು ಪರಸ್ಪರ ಕೇಳಿಕೊಂಡರೆ ಸಾಕು. ನಡೆಯದಿದ್ದರೆ ಅದನ್ನು ಬಿಟ್ಟು ಹೊಸದನ್ನು ಹುಡುಕುವ ಮೊದಲು ಅದರ ಅಳತೆಯನ್ನು ಕಡಿಮೆ ಮಾಡಿ ನೋಡಬೇಕು: ವಾರಕ್ಕೊಮ್ಮೆಯ ಭೇಟಿ ಹದಿನೈದು ದಿನಕ್ಕೊಮ್ಮೆ ಆಗಲಿ, ತೆಗೆದಿಡುವ ಮೊತ್ತ ಅರ್ಧವಾಗಲಿ. ಹೀಗೆ ಇಳಿಸಿದ್ದನ್ನು ಮುಂದಿನ ಕರೆಯಲ್ಲಿ ಜೊತೆಗಾರರಿಗೆ ಇದ್ದದ್ದು ಇದ್ದಂತೆಯೇ ತಿಳಿಸಿ, ಆ ಹೊಸ ಅಳತೆಯಲ್ಲಿ ಒಂದು ತಿಂಗಳು ನಡೆಸಿದ ಮೇಲೆ ಏರಿಸಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬಹುದು.